ಎಂಟನೇ ನಂಬರಿನ ಅಂಗಿ

"ಲೇ ಹೊನ್ನಿ, ನಿನ್ನ ಬೆನ್ನು ನೋಡ್ಕೊ," ಎಂದು ಸಾಲಿನಲ್ಲಿ ಕೂತ ಹುಡುಗಿಯರು ಕೂಗಿದರು.

ತನ್ನ ಬೆನ್ನನ್ನು ತಾನೇ ನೋಡಿಕೊಳ್ಳುವುದು ಹೇಗೆ? ಹೊನ್ನೂರಮ್ಮ ಆ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಕಂಬ ಸುತ್ತಿ ಓಡಿದಳು. ಖೋ ಖೋ ಆಡುವಾಗ ಅವಳಿಗೆ ಯಾರ ಕೂಗೂ ಕೇಳಿಸುವುದಿಲ್ಲ. ಕ್ಲಾಸಿನಲ್ಲಿ ಮಗ್ಗಿ ಕೇಳಿದಾಗಲೂ ಹಾಗೇ ಆಗುತ್ತದೆ, ಆದರೆ ಅದು ಬೇರೆ ವಿಷಯ.

ಅವಳ ಬಿಳಿ ಅಂಗಿಯ ಬೆನ್ನಿನ ಮೇಲೆ ಕೆಂಪು ಎಂಟು ಒಂದೇ ಅಂಚು ಹಿಡಿದು ನೇತಾಡುತ್ತಿತ್ತು. ಅವಳು ಬಗ್ಗಿ ತಿರುಗಿದಾಗ ಆ ಅಂಚೂ ಬಿಟ್ಟಿತು. ನಂಬರು ಮಣ್ಣಿಗೆ ಬಿತ್ತು. ಹಿಂದೆ ಓಡುತ್ತಿದ್ದ ಹುಡುಗಿ ಅದರ ಮೇಲೆ ಕಾಲಿಟ್ಟುಕೊಂಡೇ ಹೋದಳು.

ಎಲ್ಲರೂ ನಕ್ಕರು. ಸುವರ್ಣ ಮಾತ್ರ ನಗಲಿಲ್ಲ. ಆ ನಂಬರನ್ನು ಅಂಗಿಗೆ ಅಂಟಿಸಿದವಳು ಅವಳೇ.

ಸಿರುಗುಪ್ಪದ ಆ ಶಾಲೆಯ ಹುಡುಗಿಯರ ತಂಡ ಶನಿವಾರ ಕುರುಗೋಡಿಗೆ ಖೋ ಖೋ ಆಡಲು ಹೋಗುವುದಿತ್ತು. ಹೋದ ವರ್ಷ ರಟ್ಟಿನ ಮೇಲೆ ನಂಬರು ಬರೆದು ಬೆನ್ನಿಗೆ ಪಿನ್ನು ಚುಚ್ಚಿದ್ದರು. ಪಿನ್ನು ಬಿಚ್ಚಿ ಒಬ್ಬ ಹುಡುಗಿಯ ಬೆನ್ನು ಗೀರಿ ರಕ್ತ ಬಂದು, ದೊಡ್ಡ ರಂಪವಾಗಿತ್ತು. ಅದಕ್ಕೇ ಈ ಸಲ ಡ್ರಿಲ್ ಮಾಸ್ತರು ಚಿದಾನಂದಪ್ಪನವರು ಬಳ್ಳಾರಿಯ ಗಾಂಧಿನಗರದ ಅಂಗಡಿಯಿಂದ ಹೊಸ ಥರದ ನಂಬರು ತಂದಿದ್ದರು. ನುಣುಪಾದ ಹಾಳೆಗೆ ಅಂಟಿಕೊಂಡ ರಬ್ಬರಿನಂಥ ಕೆಂಪು ನಂಬರು. ಹಾಳೆ ಮೇಲೆ ಬರುವಂತೆ ಅಂಗಿಯ ಬೆನ್ನಿಗೆ ಇಟ್ಟು, ಬಿಸಿ ಇಸ್ತ್ರಿ ಪೆಟ್ಟಿಗೆಯನ್ನು ಒತ್ತಿ ಹಿಡಿಯಬೇಕು. ಆರಿದ ಮೇಲೆ ಹಾಳೆಯನ್ನು ಎಳೆದರೆ ನಂಬರು ಅಂಗಿಯಲ್ಲೇ ಉಳಿಯುತ್ತದೆ.

ಸುವರ್ಣಳ ಅವ್ವ ಮನೆಯಲ್ಲಿ ಹೊಲಿಗೆ ಮಿಷಿನ್ನು ಇಟ್ಟುಕೊಂಡಿದ್ದಳು. ತಂಡದ ಹನ್ನೆರಡೂ ಅಂಗಿ ಹೊಲಿದು ಹುಡುಗಿಯರಿಗೆ ಕೊಟ್ಟವಳು ಅವಳೇ. ಕೆಂಡ ತುಂಬುವ ದೊಡ್ಡ ಇಸ್ತ್ರಿ ಪೆಟ್ಟಿಗೆಯೂ ಅವರ ಮನೆಯಲ್ಲಿತ್ತು. ಹಾಗಾಗಿ ನಂಬರು ಹಾಕುವ ಕೆಲಸ ಸುವರ್ಣಳ ಪಾಲಿಗೆ ಬಂತು. ಐದನೇ ಕ್ಲಾಸಿನ ಹುಡುಗಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಬೇಕೆ? ಎರಡು ದಿನ ಅವಳು ನೆಲದ ಮೇಲೆ ನಡೆದಿರಲಿಲ್ಲ.

ಈಗ ಇಳಿದಳು.

ಚಿದಾನಂದಪ್ಪ ಮಾಸ್ತರು ಮಣ್ಣಾದ ಎಂಟನ್ನು ಎತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ಇದೊಂದಕ್ಕೆ ಅಂಟು ಕಡಿಮೆ ಬಿದ್ದಿರಬೇಕು ಅಂದರು. ಬಳ್ಳಾರಿಗೆ ಹೋಗಿ ಬೇರೆ ತರುವಷ್ಟು ಪುರಸೊತ್ತಿಲ್ಲ, ಇದನ್ನೇ ಇನ್ನೊಮ್ಮೆ ಹಾಕು ಎಂದು ಸುವರ್ಣಳ ಕೈಗೆ ಕೊಟ್ಟರು. ಆಮೇಲೆ ಹೊನ್ನಿಯ ಕಡೆ ತಿರುಗಿದರು.

"ನಂಬರ್ ಇಲ್ಲದ ಹುಡುಗೀನ್ನ ಅಂಪೈರ್ ಒಳಗ ಬಿಡಂಗಿಲ್ಲವ್ವ. ಹಂಗೇನಾರ ಆದ್ರ ಎಕ್ಸ್‌ಟ್ರಾ ಹುಡುಗೀನ್ನ ಇಳಸಬೇಕಾಕ್ಕತಿ."

ಹೊನ್ನಿ ತಲೆ ಆಡಿಸಿದಳು. ತಂಡದಲ್ಲಿ ಅವಳಷ್ಟು ಜೋರಾಗಿ ಓಡುವವರು ಯಾರೂ ಇರಲಿಲ್ಲ. ಅದು ಮಾಸ್ತರಿಗೂ ಗೊತ್ತಿತ್ತು, ಅದಕ್ಕೇ ಅವರು ಆ ಮಾತನ್ನು ಅವಳ ಮುಖ ನೋಡದೆ ಹೇಳಿದ್ದರು.

ಆಟ ಮುಗಿದ ಮೇಲೆ ಹೊನ್ನಿ ಬೇರೆ ಅಂಗಿ ಹಾಕಿಕೊಂಡು, ಆಟದ ಅಂಗಿಯನ್ನು ಮಡಚಿ ಸುವರ್ಣಳಿಗೆ ಕೊಟ್ಟಳು. ಕೊಡುವಾಗ ಕೇಳಿದಳು.

"ನೀ ಸರಿಯಾಗಿ ಒತ್ತಿದ್ದೇನು?"

"ಎಲ್ಲಾ ಅಂಗಿಗೂ ಒಂದ ಥರ ಒತ್ತೀನಿ. ದೇವರಾಣಿ."

"ಮತ್ತ ನಂದೊಂದ ಯಾಕ ಕಿತ್ತು ಬಂತು?"

ಹೊನ್ನಿ ಮೆಲ್ಲಗೆ ಇನ್ನೊಂದು ಕೇಳಿದಳು.

"ನನ್ನ ಅಂಗೀನ ಎಲ್ಲಾರ ಅಂಗಿ ಜೊತಿ ಇಟ್ಟಿದ್ರೇನು, ಬ್ಯಾರೆ ಇಟ್ಟಿದ್ರೇನು?"

ಇದೆಂಥ ಪ್ರಶ್ನೆ? ಅಂಗಿ ಎಲ್ಲಿಟ್ಟರೆ ನಂಬರಿಗೇನು? ಸುವರ್ಣ ಬಾಯಿ ತೆರೆಯುವಷ್ಟರಲ್ಲಿ ಹೊನ್ನಿ ಅಕ್ಕಿ ಮಿಲ್ಲಿನ ದಾರಿ ಹಿಡಿದು ಹೊರಟುಹೋಗಿದ್ದಳು. ದಿನಾ ಇಬ್ಬರೂ ಮಿಲ್ಲಿನ ತಿರುವಿನ ತನಕ ಒಟ್ಟಿಗೆ ಹೋಗುತ್ತಿದ್ದರು. ಅವತ್ತು ಅವಳು ತಿರುಗಿಯೂ ನೋಡಲಿಲ್ಲ.

ಮನೆಯ ದಾರಿಯಲ್ಲೆಲ್ಲ ಸುವರ್ಣಳಿಗೆ ಅದೇ ಯೋಚನೆ. ಹೊನ್ನಿಯ ಅಂಗಿ ಬೇರೆ ಇದ್ದದ್ದು ನಿಜವೇ. ಮೊನ್ನೆ ಹತ್ತು ಹುಡುಗಿಯರು ತಮ್ಮ ತಮ್ಮ ಅಂಗಿ ತಂದು ಅಜ್ಜಿಯ ಕೈಗೆ ಕೊಟ್ಟು ಹೋಗಿದ್ದರು. ಹೊನ್ನಿ ಮಾತ್ರ ಬಾಗಿಲ ಹೊರಗಿನ ಕಟ್ಟೆಯ ಮೇಲೆ ಇಟ್ಟು, ಇಟ್ಟೀನಿ ಎಂದು ಕೂಗಿ ಹೋಗಿದ್ದಳು. ಅಲ್ಲೇ ಇರಲಿ ಅಂದಿದ್ದಳು ಅಜ್ಜಿ. ತನ್ನದೂ ಸೇರಿ ಒಳಗಿನ ಹನ್ನೊಂದು ಮುಗಿದ ಮೇಲೆ ಕಟ್ಟೆಯ ಮೇಲಿನದು ನೆನಪಾಗಿ, ಸುವರ್ಣ ಓಡಿ ಹೋಗಿ ತಂದಿದ್ದಳು.

ಅಷ್ಟು ಹೊತ್ತಿಗೆ ಪೆಟ್ಟಿಗೆಯ ಕೆಂಡ ಬೂದಿ ಹಿಡಿದಿತ್ತು.

ಸುವರ್ಣ ದಾರಿಯಲ್ಲೇ ನಿಂತಳು. ಅಯ್ಯೋ, ಅದೇ ಇರಬೇಕು. ಕೆಂಡ ಆರಿದ್ದಕ್ಕೆ ಅಂಟು ಕರಗಿಲ್ಲ. ತಪ್ಪು ತನ್ನದೇ. ಅವಳಿಗೆ ನಾಚಿಕೆಯೂ ಆಯಿತು, ಕಾರಣ ಸಿಕ್ಕಿತಲ್ಲ ಎಂದು ಸಮಾಧಾನವೂ ಆಯಿತು.

ಮನೆಗೆ ಬಂದವಳೇ ಅವ್ವನಿಂದ ಹೊಸ ಕೆಂಡ ಹಾಕಿಸಿಕೊಂಡಳು. ನಂಬರಿನ ಮಣ್ಣು ಒರೆಸಿ, ಎತ್ತಿಟ್ಟಿದ್ದ ನುಣುಪು ಹಾಳೆಯನ್ನು ಮೇಲೆ ಹಾಸಿ, ಕಂಬಳಿಯ ಮೇಲೆ ಅಂಗಿ ಹರವಿದಳು. ಪೆಟ್ಟಿಗೆ ಎಷ್ಟು ಕಾದಿತ್ತೆಂದರೆ ಹತ್ತಿರ ಹೋದರೆ ಮುಖ ಉರಿಯುತ್ತಿತ್ತು. ಅವ್ವ ತಾನೇ ಕೂತು ಅದುಮಿ ಹಿಡಿದಳು. ಆರಲಿ ಎಂದು ಇಬ್ಬರೂ ಕಾದರು. ಹಾಳೆ ಎಳೆದರು. ಎಂಟು ಅಂಗಿಯ ಮೇಲೆ ಚೆಂದವಾಗಿ ಕೂತಿತ್ತು.

ಸುವರ್ಣ ಖುಷಿಯಿಂದ ಅಂಗಿ ಎತ್ತಿ ಬೆನ್ನು ಮಡಚಿದಳು. ರೊಟ್ಟಿ ಹಂಚಿನಿಂದ ಎದ್ದ ಹಾಗೆ ಎಂಟು ಇಡಿಯಾಗಿ ಎದ್ದು ಬಂತು.

ಕೆಂಡವಲ್ಲ ಹಾಗಾದರೆ. ಮತ್ತೇನು?

ಅವ್ವ ಮಿಷಿನ್ನಿಗೆ ಕೊಟ್ಟು ಹೊಲಿದೇ ಬಿಡೋಣ ಎಂದು ನೋಡಿದಳು. ರಬ್ಬರು ಸೂಜಿಗೆ ಸಿಕ್ಕಿ ಅಂಚು ಸಣ್ಣಗೆ ಹರಿಯಿತು. ಇನ್ನೂ ಹೊಲಿದರೆ ಎಂಟು ಹೋಗಿ ಚಿಂದಿಯಾಗುತ್ತದೆ ಎಂದು ಅವಳು ಕೈಬಿಟ್ಟು, ಒಲೆ ನೋಡಲು ಎದ್ದು ಹೋದಳು.

ಮೂಲೆಯಲ್ಲಿ ಕೂತು ಹುಣಸೆ ಬೀಜ ಬಿಡಿಸುತ್ತಿದ್ದ ಅಜ್ಜಿ ಎರ್ರಮ್ಮನಿಗೆ ಕಾರಣ ಮೊದಲೇ ಗೊತ್ತಿತ್ತಂತೆ. "ಎಂಟು ಅಂದ್ರ ಶನಿ," ಎಂದಳು ಹಣೆಯ ವಿಭೂತಿ ಕದಲದ ಹಾಗೆ. "ಬ್ಯಾರೆ ನಂಬರ್ ಹಾಕಾಕ ಹೇಳು ನಿಮ್ಮ ಮಾಸ್ತರಿಗೆ."

ಸುವರ್ಣ ಅದನ್ನೂ ಯೋಚಿಸಿ ನೋಡಿದಳು. ಎಂಟಕ್ಕೆ ಶನಿ ಹಿಡಿದಿದ್ದರೆ ಎಂಟನೇ ಕ್ಲಾಸಿನವರೆಲ್ಲ ಫೇಲಾಗಬೇಕಿತ್ತು. ಪಕ್ಕದ ಮನೆಯ ಗಂಗಕ್ಕನ ಮಗ ಹೋದ ವರ್ಷ ಎಂಟನೇ ಕ್ಲಾಸು ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದ. ಆದರೆ ಅವನು ಮೊದಲಿನಿಂದಲೂ ಜಾಣ. ಶನಿ ಜಾಣರನ್ನು ಬಿಟ್ಟುಬಿಡುತ್ತಾನೋ ಏನೋ. ಅವಳಿಗೆ ತಲೆ ಕೆಟ್ಟುಹೋಯಿತು.

ಮಾಸ್ತರು ಅಂಟು ಕಡಿಮೆ ಅನ್ನುತ್ತಾರೆ. ಅಜ್ಜಿ ಶನಿ ಅನ್ನುತ್ತಾಳೆ. ಹೊನ್ನಿ ಅಂಗಿ ಎಲ್ಲಿಟ್ಟಿದ್ದಿರಿ ಎಂದು ಕೇಳುತ್ತಾಳೆ. ಬಟ್ಟೆ ಒಂದೇ, ದಾರ ಒಂದೇ, ಹೊಲಿದವರು ಒಬ್ಬರೇ, ಇಸ್ತ್ರಿ ಪೆಟ್ಟಿಗೆ ಒಂದೇ. ಸುವರ್ಣಳಿಗೆ ಅಳು ಬರುವಂತಾಯಿತು. ತಾನು ಬೇಕೆಂದೇ ಹೀಗೆ ಮಾಡಿದೆ ಎಂದು ಹೊನ್ನಿ ತಿಳಿದುಕೊಂಡಿದ್ದರೆ?

ಅವಳು ತನ್ನ ಮೂರನೇ ನಂಬರಿನ ಅಂಗಿಯನ್ನು ತಂದು ಹೊನ್ನಿಯ ಅಂಗಿಯ ಪಕ್ಕ ಹಿಡಿದು ನೋಡಿದಳು. ಮೂರನ್ನು ಉಗುರಿನಿಂದ ಕೆರೆದರೂ ಏಳಲೊಲ್ಲದು. ಗುಂಡಿ ಎಣಿಸಿದಳು, ಕಾಲರು ಅಳೆದಳು, ಎರಡೂ ಅವಳಿ ಜವಳಿ. ಆದರೆ ಕೈಯಲ್ಲಿ ಎತ್ತಿ ಹಿಡಿದಾಗ ಅವಳ ಅಂಗಿ ಜೋತು ಬಿತ್ತು. ಹೊನ್ನಿಯದು ಹಾಗೇ ನೆಟ್ಟಗೆ ನಿಂತಿತು. ಮಡಿಸಿದರೆ ಪರಪರ ಸದ್ದು ಮಾಡಿತು. ಬಿಳುಪು ಕೂಡ ಒಂದು ಕೈ ಹೆಚ್ಚೇ.

ಎಂಟನ್ನು ತಿರುಗಿಸಿ ದೀಪದ ಹತ್ತಿರ ಹಿಡಿದಳು. ಅದರ ಬೆನ್ನಿಗೆ ತೆಳ್ಳನೆಯ ಬಿಳಿ ಪೊರೆ ಅಂಟಿತ್ತು. ಒದ್ದೆ ಬೆರಳಿನಿಂದ ಉಜ್ಜಿದಾಗ ಜಾರಿತು, ಆಮೇಲೆ ಬೆರಳಿಗೇ ಅಂಟಿತು. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಸುವರ್ಣ ಬೆರಳನ್ನು ನೆಕ್ಕಿದಳು.

ಗಂಜಿ. ಅನ್ನ ಬಸಿದ ಗಂಜಿ. ಪಾತ್ರೆಯ ಅಂಚಿನಲ್ಲಿ ಒಣಗಿ ಹಪ್ಪಳದ ಹಾಗೆ ಏಳುತ್ತದಲ್ಲ, ಅದೇ.

ಆಹಾ, ಇಷ್ಟೇನಾ! ಬೇರೆ ಹುಡುಗಿಯರೆಲ್ಲ ಹೊಸ ಅಂಗಿಯನ್ನು ಹಾಗೇ ತಂದು ಕೊಟ್ಟಿದ್ದರು. ಹೊನ್ನಿಯ ಮನೆಯವರು ಒಗೆದು ಗಂಜಿ ಹಾಕಿ ಕೊಟ್ಟಿದ್ದಾರೆ. ನಂಬರಿನ ಅಂಟು ಬಟ್ಟೆಯನ್ನು ಮುಟ್ಟಿಯೇ ಇಲ್ಲ, ಗಂಜಿಯನ್ನು ಹಿಡಿದುಕೊಂಡಿದೆ. ಬಟ್ಟೆ ಬಗ್ಗಿದಾಗ ಗಂಜಿಯ ಸಮೇತ ಎದ್ದು ಬಂದಿದೆ. ಕೆಂಡದ ತಪ್ಪಲ್ಲ, ಶನಿಯ ತಪ್ಪಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಸುವರ್ಣಳ ತಪ್ಪಲ್ಲ.

ಮರುದಿನ ಶುಕ್ರವಾರ ಹೊನ್ನಿ ಶಾಲೆಗೆ ಬರಲಿಲ್ಲ. ಸುವರ್ಣಳಿಗೆ ದಿನವಿಡೀ ಬಾಯಿ ತುರಿಸುತ್ತಿತ್ತು. ಸಂಜೆ ಗಂಟೆ ಹೊಡೆದದ್ದೇ, ಅಂಗಿಯನ್ನು ಎದೆಗವಚಿಕೊಂಡು ಮಿಲ್ಲಿನ ತಿರುವು ದಾಟಿ ಓಡಿದಳು. ನಿಮ್ಮನಿ ಗಂಜೀದ ತಪ್ಪು ಕಣಲೇ, ನಂದಲ್ಲ ಎಂದು ಹೇಳುವುದನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಳು.

ಹೊನ್ನಿಯ ಮನೆ ಮಿಲ್ಲಿನ ಹಿಂದೆ, ಕಾಲುವೆಯ ದಂಡೆಗೆ ಹತ್ತಿರದ ಕೇರಿಯಲ್ಲಿತ್ತು. ಸುವರ್ಣ ಅಲ್ಲಿಗೆ ಬಂದದ್ದು ಇದೇ ಮೊದಲು. ಹೊನ್ನಿಯ ಅವ್ವ ಉಚ್ಚೆಂಗೆಮ್ಮ ಆಗಷ್ಟೇ ಮಿಲ್ಲಿನಿಂದ ಬಂದಿದ್ದಳು. ಅವಳ ತಲೆಯ ಮೇಲೆ, ಹುಬ್ಬಿನ ಮೇಲೆಲ್ಲ ತೌಡು. ಸುವರ್ಣಳನ್ನು ಕಂಡು ಗಡಬಡಿಸಿ ಎದ್ದಳು. ಚಾಪೆ ಕೊಡವಿದಳು, ಮತ್ತೆ ಕೊಡವಿದಳು. ನೀರಿನ ತಂಬಿಗೆಗೆ ಕೈ ಹಾಕಿ, ಏನೋ ನೆನಪಾದವಳಂತೆ ವಾಪಸು ಇಟ್ಟಳು.

ಇಟ್ಟದ್ದೇಕೆಂದು ಸುವರ್ಣಳಿಗೆ ತಿಳಿಯಲಿಲ್ಲ. ಓಡಿ ಬಂದ ಅವಳ ಗಂಟಲು ಒಣಗಿತ್ತು. ನೀರು ಕೊಡ್ರಿ ಎಂದು ತಾನೇ ಕೇಳಿದಳು. ಉಚ್ಚೆಂಗೆಮ್ಮ ಮಗಳ ಮುಖ ನೋಡಿದಳು. ಹೊನ್ನಿ ಸುವರ್ಣಳ ಮುಖ ನೋಡಿದಳು. ನೀರು ಕೇಳಿದರೆ ಇವರಿಬ್ಬರೂ ಯಾಕೆ ಹೀಗೆ ನೋಡುತ್ತಾರೋ! ಕಡೆಗೆ ಹೊನ್ನಿಯೇ ತಂದು ಕೊಟ್ಟಳು.

"ನಂಬರ್ ಕಿತ್ತು ಬಂತಂತಲ್ಲ ಸುವರ್ಣವ್ವ," ಎಂದಳು ಉಚ್ಚೆಂಗೆಮ್ಮ. "ನಮ್ಮ ಕಡೆಯಿಂದ ಏನಾರ ತಪ್ಪಾತೇನು?"

ಸುವರ್ಣ ಮಾತಾಡಲು ಉಸಿರು ಎಳೆದುಕೊಂಡಳು. ಅಷ್ಟರಲ್ಲಿ ಉಚ್ಚೆಂಗೆಮ್ಮ ತಾನೇ ಮುಂದುವರಿಸಿದಳು.

"ನಾ ಏನೂ ಕಡಿಮಿ ಮಾಡಿಲ್ಲವ್ವ. ಹೊಸಾದು ಅಂತ ಹಂಗ ಕೊಡಲಿಲ್ಲ. ನೀಲಿ ಹಾಕಿ ಒಗದು, ಎರಡೆರಡು ಸಲ ಗಂಜಿ ಹಿಡಿಸೀನಿ. ಇಸ್ತ್ರಿ ಪೆಟ್ಟಿಗಿ ನಮ್ಮಲ್ಲಿಲ್ಲ. ಹಿತ್ತಾಳಿ ತಂಬಿಗ್ಯಾಗ ಕೆಂಡ ಹಾಕಿ ತಿಕ್ಕೀನಿ. ಹೋದ ವರ್ಷ ನಂಬರ್ ಚುಚ್ಚಾಕ ಕೊಟ್ಟ ಅಂಗೀನ ಯಾರೋ ಎರಡು ಬೆರಳಾಗ ಎತ್ತಿ ಹಿಡದ್ರಂತ, ಹುಡುಗಿ ಬಂದು ಅತ್ತಳು. ಈ ಸಲ ಯಾರೂ ಹಂಗ ಹಿಡೀಬಾರ್ದು ಅಂತ ಅಷ್ಟು ಬೆಳ್ಳಗ ಮಾಡಿದ್ನಿ."

ಸುವರ್ಣಳ ಬಾಯಿಗೆ ಬಂದಿದ್ದ ಮಾತು ಅಲ್ಲೇ ನಿಂತಿತು.

ದಾರಿಯುದ್ದಕ್ಕೂ ಎಷ್ಟು ಸುಲಭವಾಗಿತ್ತು ಆ ಮಾತು. ಈಗ ಹೇಳಿದರೆ ಈ ತಾಯಿಯ ಮುಖ ಹೇಗಾಗುತ್ತದೆ? ಎರಡೆರಡು ಸಲ ಹಾಕಿದ ಗಂಜಿಯಿಂದಲೇ ಕೆಟ್ಟಿತು ಎಂದು ಹೇಗೆ ಹೇಳುವುದು? ಕಾರಣ ಗೊತ್ತಿಲ್ಲದಾಗ ಒಂದು ಥರ ಗೊಂದಲವಿತ್ತು. ಗೊತ್ತಾದ ಮೇಲೆ ಅದಕ್ಕಿಂತ ಹೆಚ್ಚಾಯಿತು.

"ಯಾಕ ಕಿತ್ತು ಬಂತು, ಗೊತ್ತಾತೇನು?" ಎಂದು ಹೊನ್ನಿ ಕೇಳಿದಳು.

"ಕೆಂಡ ಆರಿತ್ತು," ಎಂದಳು ಸುವರ್ಣ. "ನಿನ್ನ ಅಂಗೀನ ಕಡೀಗೆ ಒತ್ತಿದ್ನಿ."

"ಯಾಕ ಕಡೀಗೆ?"

"ಹೊರಗ ಕಟ್ಟಿ ಮ್ಯಾಲ ಇತ್ತು. ಒಳಗಿನವೆಲ್ಲಾ ಮುಗದ ಮ್ಯಾಲ ನೆನಪಾತು."

ಹೇಳಿದ ಮೇಲೆ ಸುವರ್ಣಳಿಗೆ ತನ್ನ ಮಾತು ತನಗೇ ಕೇಳಿಸಿತು. ಹೊನ್ನಿ ನಿನ್ನೆ ಕೇಳಿದ ಪ್ರಶ್ನೆ ಇದೇ ಆಗಿತ್ತು. ಅದು ನಂಬರಿನ ಪ್ರಶ್ನೆಯೇ ಆಗಿರಲಿಲ್ಲ. ಉಳಿದ ಹುಡುಗಿಯರೆಲ್ಲ ಒಳಗೆ ಬಂದು ಕೈಗೆ ಕೊಟ್ಟರೂ ಹೊನ್ನಿ ಮಾತ್ರ ಅಂಗಿಯನ್ನು ಯಾಕೆ ಹೊರಗೆ ಇಟ್ಟು ಹೋದಳು, ಅಜ್ಜಿ ಯಾಕೆ ಅಲ್ಲೇ ಇರಲಿ ಅಂದಳು, ತಾನು ಎರಡನ್ನೂ ನೋಡಿಯೂ ಯಾಕೆ ನೋಡಲಿಲ್ಲ? ಅವಳು ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಆತು ಬಿಡವ್ವ," ಎಂದಳು ಉಚ್ಚೆಂಗೆಮ್ಮ.

ಆದರೆ ಬಿಡಲು ಆಗುವುದಿಲ್ಲವಲ್ಲ. ಬೆಳಗಾದರೆ ಬಸ್ಸು. ಅಂಗಿ ಮಣ್ಣಾಗಿದೆ, ಕಾಲುವೆಯಲ್ಲಿ ಜಾಲಿಸಿಕೊಂಡು ಹೋಗಿ ಹೊಸ ಕೆಂಡದಲ್ಲಿ ಒತ್ತೋಣ, ಹೊನ್ನಿಯೂ ಬರಲಿ ಎಂದು ಸುವರ್ಣ ಹೇಳಿದಳು. ಅಂಗಿಯ ಬೆನ್ನಿಗೆ ಸ್ವಲ್ಪ ಧೂಳು ತಗುಲಿದ್ದು ನಿಜವೇ ಆಗಿತ್ತು, ಹಾಗಾಗಿ ಅದು ಪೂರ್ತಿ ಸುಳ್ಳೂ ಆಗಲಿಲ್ಲ.

ಕಾಲುವೆಯ ಮೆಟ್ಟಿಲ ಮೇಲೆ ಕೂತು ಸುವರ್ಣ ಅಂಗಿಯನ್ನು ನೀರಿಗೆ ಬಿಟ್ಟಳು. ಹಿಂಡಿದಳು, ಮತ್ತೆ ಅದ್ದಿದಳು. ಧೂಳು ಒಂದೇ ಸಲ ಅದ್ದಿದ್ದಕ್ಕೆ ಹೋಗಿತ್ತು. ಆದರೂ ಅವಳು ಬಿಡದೆ ತಿಕ್ಕುತ್ತಲೇ ಇದ್ದಳು. ಅಂಗಿಯ ಸುತ್ತ ನೀರು ಮಜ್ಜಿಗೆಯ ಹಾಗೆ ಬೆಳ್ಳಗಾಗಿ, ಹರಿದು, ಮತ್ತೆ ಬೆಳ್ಳಗಾಯಿತು.

ಹೊನ್ನಿ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಅವಳೇನು ಪೆದ್ದಿಯಲ್ಲ.

"ಗಂಜಿಯಿಂದ ಆತೇನು?" ಎಂದಳು.

ಸುವರ್ಣ ಹೂಂ ಎಂದು ತಲೆ ಆಡಿಸಿದಳು.

ಹೊನ್ನಿ ಬೆಳ್ಳಗಾದ ನೀರಿನಲ್ಲಿ ಕೈ ಆಡಿಸಿದಳು. "ಅವ್ವಗ ಹೇಳಬ್ಯಾಡ ಲೇ," ಎಂದಳು. ಅವಳ ದನಿ ಸಣ್ಣಗಾಗಿತ್ತು.

"ಹೇಳಂಗಿಲ್ಲ."

ಆಮೇಲೆ ಹೊನ್ನಿ ಅಂಗಿಯ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ತಿರುಚಿ ಹಿಂಡಿದರು. ಅಂಗಿ ಮೆತ್ತಗೆ, ಎಲ್ಲರ ಅಂಗಿಯ ಹಾಗೆ ಆಗಿತ್ತು. ನಾಳೆ ಹೊನ್ನಿಯ ಅವ್ವ ಕೇಳಿದರೆ ಧೂಳಾಗಿತ್ತು, ತಿಕ್ಕಿ ತೊಳೆಯಬೇಕಾಯಿತು ಎನ್ನಬೇಕೆಂದು ಇಬ್ಬರೂ ಮಾತಾಡಿಕೊಂಡರು.

ಸುವರ್ಣಳ ಮನೆಗೆ ಬಂದ ಮೇಲೆ ಅಂಗಿ ಒಣಗುವ ತನಕ ಕಾಯುವಂತಿರಲಿಲ್ಲ. ಅವ್ವ ಇಸ್ತ್ರಿ ಹಾಕಿ ಹಾಕಿ ಒಣಗಿಸಿದಳು. ಸುವರ್ಣ ಎಂಟರ ಬೆನ್ನಿಗಿದ್ದ ಪೊರೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆದಳು. ಬಟ್ಟೆಯನ್ನು ಎರಡೂ ಕಡೆ ಬಿಗಿಯಾಗಿ ಎಳೆದು ಹಿಡಿಯಲು ಇನ್ನೊಬ್ಬರು ಬೇಕಾಗಿತ್ತು. ಸುವರ್ಣ ಬಾಗಿಲಿಗೆ ಹೋಗಿ ಹೊನ್ನಿಯನ್ನು ಕರೆದಳು. ಹೊನ್ನಿ ಹೊಸ್ತಿಲ ಆಚೆ ನಿಂತವಳು ನಿಂತೇ ಇದ್ದಳು.

"ಅಲ್ಲೇ ನಿಂತು ಹಿಡೀಲಿ," ಎಂದಳು ಅಜ್ಜಿ ಮೂಲೆಯಿಂದ.

"ಅಲ್ಲಿಂದ ಕೈ ಎಟುಕಂಗಿಲ್ಲಜ್ಜಿ," ಎಂದಳು ಸುವರ್ಣ. ಅಜ್ಜಿಗೆ ಎದುರಾಡಿ ಅವಳಿಗೆ ರೂಢಿ ಇರಲಿಲ್ಲ. ಅವ್ವ ಒಮ್ಮೆ ಅತ್ತೆಯನ್ನು, ಒಮ್ಮೆ ಮಗಳನ್ನು ನೋಡಿದಳು. ಕೆಂಡಕ್ಕೆ ಗಾಳಿ ಹಾಕುತ್ತ, ಕೆಂಡ ಆರತೈತಿ, ಜಲ್ದಿ ಒಳಗ ಬಾರವ್ವ ಹೊನ್ನೂರಮ್ಮ, ಅಂದಳು. ಅಜ್ಜಿ ಹುಣಸೆಯ ಮೊರ ಎತ್ತಿಕೊಂಡು ಹಿತ್ತಲಿಗೆ ಹೋಗಿ ಕೂತಳು. ರಾತ್ರಿ ಊಟಕ್ಕೆ ಕರೆಯುವ ತನಕ ಒಳಗೆ ಬರಲಿಲ್ಲ.

ಹೊನ್ನಿ ಕಂಬಳಿಯ ಅಂಚಿನಲ್ಲಿ ಕೂತು ಅಂಗಿಯನ್ನು ಎಳೆದು ಹಿಡಿದಳು. ಸುವರ್ಣ ಒತ್ತಿದಳು. ಆರಿದ ಮೇಲೆ ಹಾಳೆ ಎಳೆದವಳು ಹೊನ್ನಿಯೇ. ಅಂಗಿಯನ್ನು ಮಡಚಿದಳು, ತಿರುಚಿದಳು, ಉಗುರು ಹಾಕಿ ಕೆರೆದಳು. ಸೂಜಿ ಹರಿದ ಅಂಚು ಕೂಡ ಅಲುಗಲಿಲ್ಲ. ಅವಳು ಸುವರ್ಣಳನ್ನು ನೋಡಿ ನಕ್ಕಳು.

ಶನಿವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಹನ್ನೆರಡು ಬಿಳಿ ಅಂಗಿಗಳ ಗದ್ದಲ. ಮಾಸ್ತರು ಬುತ್ತಿ ತಂದಿರೋ ಇಲ್ಲವೋ ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ಕುರುಗೋಡಿನ ಕೆಂಪು ಬಸ್ಸು ಆಗಲೇ ಗುರುಗುಡುತ್ತಿತ್ತು. ಮಿಲ್ಲಿಗೆ ಹೋಗುವ ಮುಂಚೆ ಉಚ್ಚೆಂಗೆಮ್ಮ ಮಗಳನ್ನು ಕಳಿಸಲು ಬಂದಳು.

ಅವಳು ಹೊನ್ನಿಯನ್ನು ಹಿಂದಕ್ಕೆ ತಿರುಗಿಸಿ ಎಂಟರ ಮೇಲೆ ಅಂಗೈ ಆಡಿಸಿದಳು. ಗಟ್ಟಿ ಕೂತಿದೆ ಎಂದು ಸಂತೋಷಪಟ್ಟಳು. ಕಾಲರು ಸರಿಮಾಡಲು ಕೈ ಹಾಕಿದವಳು ಅಲ್ಲೇ ನಿಂತಳು. ಬಟ್ಟೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಉಜ್ಜಿದಳು. ತೋಳಿನ ಮೇಲೂ ಉಜ್ಜಿ ನೋಡಿದಳು.

"ಮೆತ್ತಗಾಗೇತಿ," ಎಂದಳು.

ಸುವರ್ಣ ಬಸ್ಸಿನ ಗಾಲಿಯನ್ನು ನೋಡುತ್ತ ನಿಂತಳು. ಹೇಳಬೇಕೆಂದು ಸಿದ್ಧ ಮಾಡಿಕೊಂಡಿದ್ದ ಮಾತು ಇಬ್ಬರಿಗೂ ಮರೆತುಹೋಗಿತ್ತು.

ಉಚ್ಚೆಂಗೆಮ್ಮ ಮಗಳನ್ನು ನೋಡಿದಳು. ಎಂಟನ್ನು ಇನ್ನೊಮ್ಮೆ ಮುಟ್ಟಿದಳು. ಆಮೇಲೆ ಸುವರ್ಣಳ ಕಡೆ ತಿರುಗಿ, ಅವಳು ಮುಖ ಎತ್ತುವ ತನಕ ಸುಮ್ಮನೆ ನಿಂತಿದ್ದಳು.

"ಓಡಾಕ ಮೆತ್ತಗಿದ್ರ ಚಲೋ," ಎಂದು ಅಂಗಿಯ ಅಂಚನ್ನು ನೇರ ಎಳೆದಳು. "ಮೈಗೆ ಚುಚ್ಚಂಗಿಲ್ಲ. ಇಬ್ರೂ ಹುಷಾರಾಗಿ ಹೋಗಿ ಬರ್ರಿ."

ಬಸ್ಸು ಹೊರಟಿತು. ಕಿಟಕಿಯ ಪಕ್ಕ ಸೀಟು ಹಿಡಿದ ಹೊನ್ನಿಯ ಮುಖ ಅರಳಿತ್ತು. ಅವಳು ಸುವರ್ಣಳ ಕಿವಿಯ ಹತ್ತಿರ ಬಗ್ಗಿದಳು.

"ಅವ್ವಗ ಗೊತ್ತಾಗಲಿಲ್ಲ ನೋಡು."

ಸುವರ್ಣ ಹಿಂದಿನ ಕಿಟಕಿಯಿಂದ ನೋಡಿದಳು. ಉಚ್ಚೆಂಗೆಮ್ಮ ಇನ್ನೂ ಅಲ್ಲೇ ನಿಂತಿದ್ದಳು. ಕೈ ಬೀಸುವುದನ್ನೂ ಮರೆತು, ಅಂಗಿ ಮುಟ್ಟಿ ನೋಡಿದ ಆ ಎರಡು ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತಿದ್ದಳು. ಮೂರು ದಿನದಿಂದ ಸುವರ್ಣಳಿಗೆ ಒಂದಲ್ಲ ಒಂದು ಅರ್ಥವಾಗದೆ ಉಳಿದಿತ್ತು. ಇದು ಮಾತ್ರ ಯಾರೂ ಹೇಳದೆ ಅರ್ಥವಾಯಿತು.

"ಹೂಂ," ಎಂದಳು. "ಗೊತ್ತಾಗಲಿಲ್ಲ."